ಕುಡಿದ ಕಾಫಿ, ತೆರೆಯದ ಕೋಣೆ

ಗೆಳೆಯರೇ, ಗಂಡಿನ ಮನೆ ನೋಡಲು ಹೋದಾಗ ಕಾಫಿ ಕುಡಿದರೆ ಸಂಬಂಧ ಒಪ್ಪಿದಂತೆ ಎಂಬುದು ನಮ್ಮ ಕಡೆಯ ಪದ್ಧತಿ. ಇವತ್ತು ನರಸೀಪುರದ ಕಡೆ ಹೋದವನು ಮರೆತು ಅರ್ಧ ಲೋಟ ಕುಡಿದುಬಿಟ್ಟೆ. ಹಟ ಹಿಡಿದು ಜೊತೆಗೆ ಬಂದಿದ್ದ ಮದುವೆ ಹುಡುಗಿ, ನನ್ನ ಅಕ್ಕನ ಮಗಳು ರಮ್ಯಾ ಮಾತ್ರ ಲೋಟ ಮುಟ್ಟಲಿಲ್ಲ. ಅಜ್ಜಿಯ ಪಕ್ಕ ಕೂತು ಹಳೆಯ ಕಪ್ಪುಬಿಳುಪು ಸಿನಿಮಾ ನೋಡಿ ಬೆಳೆದವಳು. ಚೆಲುವ ಗಂಡ, ದೊಡ್ಡ ಮನೆ, ಬೀಗ ಹಾಕಿದ ಕೋಣೆ ಎಂದರೆ ಮುಂದೇನು ಎಂಬುದು ಅವಳಿಗೆ ಬಾಯಿಪಾಠ.

ಹುಡುಗ ನಗುನಗುತ್ತಲೇ ಮನೆಯೆಲ್ಲ ತೋರಿಸಿದ, ಬೀಗ ಹಾಕಿದ್ದ ಹಿಂದಿನ ಕೋಣೆಯೊಂದನ್ನು ಬಿಟ್ಟು.

“ಅದನ್ನೂ ತೆಗೀರಿ,” ಎಂದಳು ರಮ್ಯಾ.

“ಮದ್ವೆ ಆದ್ಮೇಲೆ ನೋಡೀರಂತೆ ಬುಡಿ.”

“ಆಮೇಲೆ ಅದರೊಳಗೆ ಇರೋಳು ನಾನೇ ಆಗ್ಬುಟ್ರೆ?”

ಹುಡುಗನ ನಗು ಮಾಯವಾಯಿತು. “ಎಣ್ಮಕ್ಳಿಗೆ ಇಷ್ಟು ಪೊಗರು ಇರಬಾರ್ದು,” ಎಂದ.

ರಮ್ಯಾ ಹೊರಟೇಬಿಟ್ಟಳು. “ನಡಿ ಮಾವ, ನಂಜನಗೂಡು ಬಸ್ ಬತ್ತದೆ.”

“ಅಲ್ಲ ಕಣವ್ವ, ನಾನು ಕಾಫಿ ಕುಡ್ದುಬುಟ್ಟಿದೀನಲ್ಲ!”

“ಅಂಗಾದ್ರೆ ಕುಡ್ದೋರೇ ಮದ್ವೆ ಆಗ್ಲಿ.”

ಲೋಟ ಕೆಳಗಿಟ್ಟು ಅವಳ ಹಿಂದೆ ಓಡಿದೆ. ಗಂಡಿನ ಬಾಯಿ ತುಂಬ ಬೆಲ್ಲ, ಬೀಗದ ಕೈ ಮಾತ್ರ ಇಲ್ಲ. ಅಂಥ ಮನೆಗೆ ನಮ್ಮ ಹುಡುಗಿಯೂ ಇಲ್ಲ.

ಕಾಫಿ ಮಾತ್ರ ಚೆನ್ನಾಗಿತ್ತು. ಉಳಿದರ್ಧ ಲೋಟದ ಬಗ್ಗೆ ಈಗಲೂ ಬೇಜಾರಿದೆ.