ಹಾಲ್ ಟಿಕೆಟ್ ಮುಟ್ಟಿಸಿದ ಗಾಡಿ

ಹೊಸ ಮಾದರಿಯ ಎತ್ತರದ ಪ್ರವಾಸಿ ಬೈಕುಗಳನ್ನು ನಂಬಿ ದೂರದ ಊರಿಗೆ ಹೊರಡಬಹುದೇ ಎಂದು ಯಾರಾದರೂ ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಕೇಳುವವರ ತಪ್ಪೇನಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟವನು ನಾನು. ಯಂತ್ರದ ವಿಷಯ ನನಗೆ ಗೊತ್ತೆಂದು ಜನ ತಿಳಿದಿದ್ದಾರೆ. ನಾನೂ ಹಾಗೇ ತಿಳಿದಿದ್ದೆ. ದೆವ್ವ, ಗಾಳಿ, ಮಾಟ ಎಂದವರನ್ನು ಅಂಗಡಿಯ ಮುಂದೆ ನಿಲ್ಲಿಸಿಕೊಂಡು ಗೇಲಿ ಮಾಡುತ್ತಿದ್ದೆ. ಏನೇ ಕೆಟ್ಟರೂ ಅದಕ್ಕೊಂದು ಕಾರಣ ಇರುತ್ತದೆ, ಬಿಚ್ಚಿ ನೋಡಿದರೆ ಸಿಕ್ಕೇ ಸಿಗುತ್ತದೆ ಎಂಬುದು ನನ್ನ ವಾದವಾಗಿತ್ತು. ಈಗ ಗೇಲಿ ಬಿಟ್ಟಿದ್ದೇನೆ. ನಂಬಿದ್ದೇನೆ ಎಂದು ಮಾತ್ರ ತಿಳಿಯಬೇಡಿ.

ಅದು ಗಣಿಯ ದುಡ್ಡು ಬಳ್ಳಾರಿಯಲ್ಲಿ ಹೊಳೆಯಾಗಿ ಹರಿಯುತ್ತಿದ್ದ ಕಾಲ. ಹೊಳೆ ಯಾರ ಮನೆಗೆ ಹೋಯಿತೋ, ನಮ್ಮ ಪಾಲಿಗೆ ಬಂದದ್ದು ಕೆಂಪು ಧೂಳು. ತಟ್ಟೆಯಲ್ಲಿ ಧೂಳು, ದಿಂಬಿನ ಮೇಲೆ ಧೂಳು, ಕೆಮ್ಮಿದರೆ ಧೂಳು. ಅದಕ್ಕೆ ಹೆದರಿ ನಮ್ಮೂರಿನವರು ಬೈಕಿನ ಏರ್ ಫಿಲ್ಟರಿಗೆ ಹಳೆಯ ಸೀರೆಯ ತುಂಡು ಸುತ್ತುತ್ತಿದ್ದರು. ಲಡಾಖಿಗೆ ಹೋಗಿಬರುವ ಹುಚ್ಚಿನಲ್ಲಿ ನಾನು ಹೊಸ ಗಾಡಿ ತಂದಾಗ, ನಮ್ಮ ಓಣಿಯ ಗಾಡಿ ರಿಪೇರಿ ಮೇಸ್ತ್ರಿ ಖಾಸಿಂಸಾಬರು ಮೊದಲೇ ಎಚ್ಚರಿಸಿದ್ದರು.

"ಇದಕ್ಕ ಅರಿವಿ ಸುತ್ತಬ್ಯಾಡ್ರಿ ಅಣ್ಣಾ. ಇದು ಹಳೇ ಗಾಡಿಯಂಗಲ್ಲ, ಒಳಗ ಎಲ್ಲಾ ಸೆನ್ಸರ್ ಐತಿ. ಉಸಿರು ಕಟ್ಟಿದ್ರ ನಡುದಾರ್ಯಾಗ ನಿಲ್ತೈತಿ, ಕಿಕ್ ಹೊಡ್ಯಾಕ ಕಿಕ್ಕರೂ ಇಲ್ಲ."

ನಾನು ಕೇಳಲಿಲ್ಲ. ಹೆಂಡತಿಯ ಹಳೆಯ ವಾಯಿಲ್ ಸೀರೆ ಹರಿದು ನಾನೇ ಸುತ್ತಿದೆ. ಇಷ್ಟು ವರ್ಷ ಊರಿನವರೆಲ್ಲ ಅರಿವೆ ಸುತ್ತುತ್ತ ಬಂದದ್ದು ಸುಳ್ಳೇ ಎಂಬ ಹಟ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಏಳಕ್ಕೆ ಸಿರುಗುಪ್ಪದಿಂದ ತಂಗಿಯ ಫೋನು ಬಂತು. ಅವಳ ಮಗಳು ರೇಣುಕಾ ಭಾನುವಾರ ನಮ್ಮ ಮನೆಗೆ ಬಂದವಳು ಪಿಯುಸಿ ಹಾಲ್ ಟಿಕೆಟ್ಟನ್ನು ಇಲ್ಲೇ ಮರೆತುಹೋಗಿದ್ದಳು. ಒಂಬತ್ತಕ್ಕೆ ಮೊದಲ ಪರೀಕ್ಷೆ. ತಂಗಿ ಅಳುತ್ತಲೇ ಹೇಳಿದಳು: "ಅದಿಲ್ದ ಒಳಗ ಬಿಡಂಗಿಲ್ಲಂತ ಅಣ್ಣಾ. ಒಂದು ವರ್ಷ ಹೋದ್ರ ಇವರಪ್ಪ ಓದು ಬಿಡಸ್ತಾರ. ಮದಿವಿ ಮಾಡಾಕ ಕಾಯ್ಕೊಂಡೇ ಕುಂತಾರ."

ಆ ಮಾತು ಸುಳ್ಳಲ್ಲ. ಭಾವನ ಹಟ ನನಗೆ ಗೊತ್ತಿತ್ತು. ಹಾಲ್ ಟಿಕೆಟ್ಟನ್ನು ಅಂಗಿಯ ಜೇಬಿಗಿಟ್ಟು ಗುಂಡಿ ಹಾಕಿ ಹೊರಟೆ. ಸಿರುಗುಪ್ಪ ರಸ್ತೆಯ ಬಾಯಲ್ಲೇ ಅದಿರಿನ ಲಾರಿಗಳು ಅಡ್ಡಾದಿಡ್ಡಿ ನಿಂತಿದ್ದವು. ಅವರ ವಂಶಕ್ಕೆಲ್ಲ ಬೈಯುತ್ತ ಗಾಡಿ ತಿರುಗಿಸಿ, ಕೊಳಗಲ್ಲು ಊರಿನ ಮೂಲಕ ಕುರುಗೋಡಿನ ಸುತ್ತುದಾರಿ ಹಿಡಿದೆ. ಕುರುಗೋಡು ದಾಟಿ ಮೂರು ಮೈಲಿ ಹೋಗಿರಬೇಕು. ಮೀಟರಿನಲ್ಲಿ ಹಳದಿ ದೀಪ ಹತ್ತಿತು, ಗಾಡಿ ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.

ಫಿಲ್ಟರ್ ಬಿಚ್ಚಿ ಅರಿವೆ ಕಿತ್ತೆಸೆದೆ. ಸ್ಟಾರ್ಟರ್ ಒತ್ತಿದೆ. ತಳ್ಳಿಕೊಂಡು ಓಡಿದೆ. ಏನೂ ಇಲ್ಲ. ಲಡಾಖ್ ಹಾಳಾಗಿ ಹೋಗಲಿ, ಐವತ್ತು ಕಿಲೋಮೀಟರ್ ದೂರದ ಸಿರುಗುಪ್ಪ ಮುಟ್ಟಲಿಲ್ಲ. ಅಷ್ಟರಲ್ಲಿ ಒಂದು ಬಸ್ಸು ಬಂತು. ಇಲ್ಲಿ ನಿಜ ಹೇಳಿಬಿಡುತ್ತೇನೆ: ನಾನು ಕೈ ಮಾಡಲಿಲ್ಲ. ಹೊಸ ಗಾಡಿಯನ್ನು ಹೊಲದ ಬದುವಿನಲ್ಲಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಇನ್ನೊಂದು ಸಲ ಒತ್ತಿದರೆ ಹತ್ತೀತು ಅನ್ನಿಸಿತು. ಮುಂದಿನ ಬಸ್ಸಿಗೆ ಕೈ ಮಾಡಿದರೆ ಅದು ನಿಲ್ಲಲೇ ಇಲ್ಲ. ತಂಗಿಯ ಮನೆಗೆ ಫೋನು ಹಚ್ಚಿದರೆ ಎತ್ತುವವರಿಲ್ಲ; ತಾಯಿ ಮಗಳು ಆಗಲೇ ಪರೀಕ್ಷೆ ನಡೆಯುವ ಕಾಲೇಜಿನ ಗೇಟಿಗೆ ಹೋಗಿದ್ದರು. ತಂಗಿಯ ಹತ್ತಿರ ಮೊಬೈಲ್ ಇರಲಿಲ್ಲ.

ಎಂಟೂಮುಕ್ಕಾಲಾದಾಗ ಇನ್ನು ಆಗುವುದಿಲ್ಲ ಎಂದು ಖಾತ್ರಿಯಾಯಿತು. ರಸ್ತೆಯ ಪಕ್ಕದ ಕಣದಲ್ಲಿ ಮೆಣಸಿನಕಾಯಿ ಒಣಗಲು ಹರವಿದ್ದರು, ನರಪಿಳ್ಳೆಯೂ ಇರಲಿಲ್ಲ. ನನ್ನ ತಪ್ಪನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು. ಕಟ್ಟಲು ಸಿಕ್ಕವಳು ಆ ಹುಡುಗಿ ರೇಣುಕಾ. ಅವಳೇ ಎದುರಿಗೆ ನಿಂತಿದ್ದಾಳೆ ಎಂಬಂತೆ ಗಂಟಲು ಹರಿಯುವ ಹಾಗೆ ಕೂಗಿದೆ: "ಹನ್ನೆರಡು ವರ್ಷ ಸಾಲಿ ಕಲ್ತು ಒಂದು ಹಾಳಿ ಕಾಯಾಕ ಆಗಲಿಲ್ಲ ನಿನಗ. ನಿನಗ್ಯಾಕ ಲೇ ಪರೀಕ್ಷಿ? ಹೋಗು, ಕಣದಾಗ ಕುಂತು ಮೆಣಸಿನಕಾಯಿ ತೊಟ್ಟು ಬಿಡಸು."

ಕೂಗಿ ಸುಸ್ತಾಗಿ ಮೈಲಿಗಲ್ಲಿನ ಮೇಲೆ ಕುಳಿತೆ. ನಿದ್ದೆ ಮಾಡಿಲ್ಲ. ಲೆಕ್ಕವಿಲ್ಲದಷ್ಟು ಸಲ ಗಡಿಯಾರ ನೋಡಿದ್ದು ನೆನಪಿದೆ. ಒಂಬತ್ತೂವರೆಗೆ ಒಬ್ಬ ಮುದುಕರು ಟ್ರ್ಯಾಕ್ಟರ್ ನಿಲ್ಲಿಸಿ ಗಾಡಿಯನ್ನು ಟ್ರೇಲರಿಗೆ ಹತ್ತಿಸಿದರು. ಆಗ ಜೇಬು ಮುಟ್ಟಿ ನೋಡಿಕೊಂಡೆ. ಗುಂಡಿ ಹಾಕಿದ್ದು ಹಾಕಿದಂತೇ ಇತ್ತು. ಒಳಗೆ ಹಾಲ್ ಟಿಕೆಟ್ ಇರಲಿಲ್ಲ. ಇಬ್ಬರೂ ಬದುವೆಲ್ಲ ಹುಡುಕಿದೆವು. "ಗಾಳೀನ ಇಲ್ಲಲ್ರಿ, ಎಲ್ಲಿ ಹೋಗ್ತೈತಿ" ಎಂದು ಮುದುಕರು ಬೇಸತ್ತರು.

ಗಾಡಿಯನ್ನು ಕುರುಗೋಡಿನಲ್ಲಿ ಒಂದು ಗ್ಯಾರೇಜಿನ ಮುಂದೆ ಇಳಿಸಿ, ಬಸ್ಸು ಹಿಡಿದು ಸಿರುಗುಪ್ಪಕ್ಕೆ ಹೋದೆ. ತಂಗಿಗೆ ಯಾವ ಮುಖ ತೋರಿಸಲಿ ಎಂದುಕೊಂಡೇ ಗೇಟಿನ ಹತ್ತಿರ ನಡೆದೆ. ಅವಳು ಬೇವಿನ ಮರದ ಕೆಳಗೆ ಒಬ್ಬಳೇ ಕುಳಿತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು.

"ಆಕಿ ಒಳಗ ಬರ್ಯಾಕ ಹತ್ಯಾಳ. ಕೊಡೋದು ಕೊಟ್ಟಿ, ಅಷ್ಟು ಮಂದಿ ಮುಂದ ಹಂಗ ಬೈಬೇಕಿತ್ತೇನಣ್ಣಾ? ಹೆಲ್ಮೆಟ್ ತಗೀಲಿಲ್ಲ, ಗಾಡಿ ಬಂದ್ ಮಾಡಲಿಲ್ಲ. ಹಾಲ್ ಟಿಕೆಟ್ ಕೈಯಾಗ ಒಗದು, ಬೈದು ಹೋಗೇ ಬಿಟ್ಟಿ. ಆಕಿ ಅಳಕೋತ ಒಳಗ ಹೋದಳು."

ಏನು ಬೈದೆ ಎಂದು ಕೇಳಿದೆ. ಹನ್ನೆರಡು ವರ್ಷದ ಸಾಲಿ, ಕಾಯಲಾಗದ ಹಾಳಿ, ಕಣ, ಮೆಣಸಿನಕಾಯಿ ತೊಟ್ಟು: ಒಂದು ಮಾತೂ ಹೆಚ್ಚು ಕಡಿಮೆಯಿಲ್ಲದೆ ಹೇಳಿದಳು. ಬಂದದ್ದು ಎಷ್ಟು ಹೊತ್ತಿಗೆ ಎಂದೆ. ಒಂಬತ್ತಕ್ಕೆ ಹತ್ತು ನಿಮಿಷ ಇತ್ತು ಎಂದಳು.

ಮರುದಿನ ಕುರುಗೋಡಿಗೆ ಹೋದರೆ ಗಾಡಿ ಮೊದಲ ಒತ್ತಿಗೇ ಹತ್ತಿತು. ಶೋರೂಮಿನವರು ಕಂಪ್ಯೂಟರ್ ಹಚ್ಚಿ ನೋಡಿ, ಇದು ನಿಂತದ್ದೇ ಇಲ್ಲ ಸರ್, ಯಾವ ದೋಷವೂ ದಾಖಲಾಗಿಲ್ಲ ಎಂದರು. ಕೌಂಟರಿನ ಮೇಲೆ ಕೈ ಬಡಿದು ಅವರೊಡನೆ ಜಗಳಾಡಿ ಬಂದೆ, ಆ ವಾರವೇ ಗಾಡಿ ಮಾರಿದೆ. ಖಾಸಿಂಸಾಬರಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ, ನಂಬಿದೆ ಎಂದೂ ಅನ್ನಲಿಲ್ಲ. ಅರಿವೆ ಸುತ್ತಿದ್ದಕ್ಕೆ ಮಾತ್ರ ಸರಿಯಾಗಿ ಬೈದರು.

ರೇಣುಕಾ ಈಗ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಮನೆಗೆ ಬಂದಾಗಲೆಲ್ಲ ಆ ಮಾತು ತೆಗೆಯುತ್ತಾಳೆ. "ಮಾಮಾ, ಅವತ್ತು ನೀವು ತಂದು ಕೊಡಲಿಲ್ಲಂದ್ರ ನನ್ನ ಓದು ಮುಗಿದಿತ್ತು. ಆದ್ರ ಆ ಮಾತು ಅನಬಾರದಿತ್ತು ನೋಡ್ರಿ. ಇವತ್ತಿಗೂ ಮೆಣಸಿನಕಾಯಿ ಕಂಡ್ರ ಎದಿ ಚುರ್ ಅಂತೈತಿ." ಹಾಲ್ ಟಿಕೆಟ್ ತಂದವನು ನಾನಲ್ಲ ಎಂದು ಅವಳಿಗೆ ಎಷ್ಟೋ ಸಲ ಹೇಳಿದ್ದೇನೆ, ಅವಳು ನಕ್ಕುಬಿಡುತ್ತಾಳೆ. ಬೈದವನು ನಾನಲ್ಲ ಎಂದು ಹೇಳಲು ಮಾತ್ರ ನನಗೆ ಬಾಯಿ ಬರುವುದಿಲ್ಲ.