ಅಡಿ ಪಟ್ಟ ರೆಕ್ಕೆ

ಎತ್ತು ಕೊಳ್ಳುವಾಗ ಅಪ್ಪ ಕೇಳುತ್ತಿದ್ದ ಮೊದಲ ಮಾತು, "ಅಡಿ ಪಟ್ಟೈತಾ?" ಅಡಿ ಎಂದರೆ ತಮಿಳು ಸೀಮೆಯಲ್ಲಿ ನೆಲೆಸಿದ ನಮ್ಮ ಮನೆಗನ್ನಡದಲ್ಲಿ ಪೆಟ್ಟು. ಯಾವ ಕಾಲದಲ್ಲೋ ತಮಿಳಿನಿಂದ ಬಂದು ನಮ್ಮಲ್ಲೇ ಉಳಿದ ಮಾತು. ಮಾರುವವನು ಇಲ್ಲವೆಂದು ಆಣೆ ಇಟ್ಟರೂ ಅಪ್ಪ ನಂಬುತ್ತಿರಲಿಲ್ಲ. ಎತ್ತನ್ನು ನಡೆಸಿ, ತಿರುಗಿಸಿ, ಗೊರಸು ಎತ್ತಿ ಬೆರಳಲ್ಲಿ ತಟ್ಟಿ ನೋಡುತ್ತಿದ್ದ. ಹಳೆಯ ವಿಮಾನ ಕೊಳ್ಳಲು ಹೊರಟಾಗ ಮಾರುವವರನ್ನು ನಾನು ಫೋನಿನಲ್ಲಿ ಕೇಳಿದ್ದೂ ಅದೇ ಮಾತು.

ಕಾಮಯಗೌಂಡನ್‌ಪಟ್ಟಿಯ ದ್ರಾಕ್ಷಿ ತೋಟದವಳಿಗೆ ವಿಮಾನ ಯಾಕೆ ಎಂದು ನಗುವವರು ನಗಲಿ. ನಲವತ್ತು ದಾಟಿದ ಮೇಲೆ ಹಾರಲು ಕಲಿತೆ, ಲೈಸೆನ್ಸ್ ತೆಗೆದುಕೊಂಡೆ. ಕ್ಲಬ್ಬಿನ ವಿಮಾನಕ್ಕೆ ಸರದಿ ಕಾದು ಕಾದು ಸಾಕಾಗಿತ್ತು. ಹೊಸದು ಕನಸಿನ ಮಾತು. ಅಷ್ಟರಲ್ಲಿ ಎರಡು ಸೀಟಿನ ಸಣ್ಣ ವಿಮಾನವೊಂದನ್ನು ರೆಕ್ಕೆ ಬಿಚ್ಚಿ ದಿಂಡಿಗಲ್ಲಿನ ಗೋಡೌನಿನಲ್ಲಿ ಇಟ್ಟಿದ್ದಾರೆ ಎಂದು ಗೊತ್ತಾಯಿತು. ಮಾರುವವರು ಮೈಸೂರು ಕಡೆಯವರು. ಇಲ್ಲಿ ಹಾರಾಟದ ಶಾಲೆ ತೆರೆಯಲು ಬಂದು, ಅನುಮತಿ ಸಿಗದೆ ಕೈಬಿಟ್ಟವರು. ಕನ್ನಡದವರೇ ಎಂದು ತಿಳಿದು ನನಗೆ ಅರ್ಧ ಧೈರ್ಯ ಬಂದಿತ್ತು.

"ಸಾರ್, ಅಡಿಗಿಡಿ ಏನಾರ ಪಟ್ಟೈತಾ?" ಎಂದೆ.

"ಅಡೀನಾ? ಅಡಿಗೆ ಏನೂ ಆಗಿಲ್ಲಮ್ಮ. ಗಟ್ಟಿಯಾಗಿದೆ," ಎಂದರು.

ಆ ಸಂಜೆ ಅಪ್ಪ ಇನ್ನೊಂದು ಗಂಟು ಹಾಕಿದ. "ಮೊದ್ಲು ನಿನ್ ಪಕ್ಕ ನಾನೇ ಕೂತ್ಕಾತೀನಿ, ಕಣ್ಣು. ನೋಡಿ ವಾಂಗು," ಎಂದ. ಅವನ ಬಾಯಲ್ಲಿ ನಾನು ಯಾವಾಗಲೂ ಕಣ್ಣು; ವಾಂಗು ಎಂದರೆ ಕೊಂಡುಕೋ ಎಂದು. ಎಪ್ಪತ್ತೈದು ದಾಟಿದ ಮುದುಕ ಮೇಲೇರಿದರೆ ನನ್ನನ್ನು ನಂಬಿಯೇ ಏರಬೇಕು. ಅಂದಿನಿಂದ ಆ ವಿಮಾನದಲ್ಲಿ ನನ್ನ ಜೀವದ ಜೊತೆ ಅವನದೂ ಸೇರಿತು.

ಮರುವಾರ ಇಬ್ಬರೂ ಆಂಡಿಪಟ್ಟಿ ದಾರಿಯಾಗಿ ದಿಂಡಿಗಲ್ಲಿಗೆ ಹೋದೆವು. ಮೈಸೂರಿನವರೇ ಬಂದು ಬೀಗ ತೆಗೆದರು. ಹಿಂದೆ ಈರುಳ್ಳಿ ತುಂಬುತ್ತಿದ್ದ ಗೋಡೌನು, ಇನ್ನೂ ಅದರದೇ ವಾಸನೆ. ವಿಮಾನದ ಒಡಲು ಮಧ್ಯದಲ್ಲಿತ್ತು, ರೆಕ್ಕೆಗಳು ಗೋಡೆಗೆ ಒರಗಿದ್ದವು. ಅಪ್ಪ ಸೀದಾ ಎಡರೆಕ್ಕೆಯ ಹತ್ತಿರ ಹೋಗಿ ಬೆರಳಲ್ಲಿ ತಟ್ಟುತ್ತಾ ಬಂದು, ತುದಿಯಿಂದ ಎರಡು ಮೊಳ ಈಚೆ ನಿಂತ.

"ಇಲ್ಲಿ ಸದ್ದು ಬೇರೆ ಐತೆ," ಎಂದ.

ಟಾರ್ಚು ಹಿಡಿದು ನೋಡಿದೆ. ಅಲ್ಲಿಂದ ತುದಿಯವರೆಗೆ ಬಿಳಿಯ ಬಣ್ಣ ಒಂದು ಛಾಯೆ ಬೇರೆ. ರಿವೆಟ್ಟುಗಳೂ ಹೊಸವು. ನನಗೆ ಮೈಯೆಲ್ಲ ಉರಿಯಿತು.

"ಅಡಿ ಪಟ್ಟಿಲ್ಲ ಅಂದ್ರಲ್ಲ ಸಾರ್? ಮುಚ್ಚಿಟ್ಟು ಮಾರೋದು ಒಂದು ಬದುಕಾ?" ಎಂದು ಕೂಗಿಯೇ ಬಿಟ್ಟೆ. ಅಪ್ಪ ತಲೆ ತಗ್ಗಿಸಿದ. ಯಾಕೆಂದು ಆಗ ನಾನು ಯೋಚಿಸಲಿಲ್ಲ.

ಆ ಮನುಷ್ಯ ಸಿಟ್ಟಾಗಲಿಲ್ಲ, ಗೊಂದಲಗೊಂಡರು. ಬಗ್ಗಿ, ವಿಮಾನದ ಹೊಟ್ಟೆಯ ಕೆಳಗೆ ಕೈ ತೋರಿಸಿದರು. "ಅಡಿ ಗಟ್ಟಿಯಾಗಿಯೇ ಇದೆಯಲ್ಲಮ್ಮ, ನೋಡಿ. ನೀವು ರೆಕ್ಕೆ ಬಗ್ಗೆ ಕೇಳಲೇ ಇಲ್ಲ. ಏಟು ಬಿದ್ದಿದೆಯಾ ಅಂದಿದ್ದರೆ ಹೇಳುತ್ತಿದ್ದೆ," ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಾನು ಕೇಳಿದ್ದು ಪೆಟ್ಟು, ಅವರಿಗೆ ಕೇಳಿಸಿದ್ದು ತಳ. ಒಂದೇ ಭಾಷೆ ಎಂದು ಹಿಗ್ಗಿದ್ದ ನನಗೆ ತಮಿಳಿನಲ್ಲಿ ಕೇಳಿದ್ದರೇ ಚೆನ್ನಾಗಿತ್ತು ಅನಿಸಿತು.

ಅವರು ಲಾಗ್ ಪುಸ್ತಕ ತಂದರು. ನನಗೆ ತೋರಿಸಲೆಂದು ಮೊದಲೇ ಕಾಗದದ ಚೂರು ಸಿಕ್ಕಿಸಿ ಇಟ್ಟಿದ್ದ ಪುಟದಲ್ಲಿ ಎಲ್ಲವೂ ಇತ್ತು. ನೆಲದ ಮೇಲೆ ಓಡಿಸುವಾಗ ಗಾಳಿಗೆ ತಿರುಗಿ ಕಂಬಕ್ಕೆ ಬಡಿದದ್ದು, ತುದಿ ಬದಲಿಸಿದ್ದು, ರಿಪೇರಿ ಮಾಡಿದವರ ಸಹಿ. ಕೂಗಾಡಿದ್ದಕ್ಕೆ ಕ್ಷಮೆ ಕೇಳಿದೆ. ಆದರೆ ಕೊಳ್ಳುವ ಮಾತು ಆಡಲಿಲ್ಲ. ಪುಸ್ತಕದಲ್ಲಿ ಬರೆದದ್ದು ಬೇರೆ, ರೆಕ್ಕೆಯೊಳಗೆ ಇರುವುದು ಬೇರೆ. ನನ್ನ ಕಡೆಯ ಇಂಜಿನಿಯರ್ ಬಂದು ರೆಕ್ಕೆಯ ಭಾರ ಹೊರುವ ಒಳಗಿನ ತೊಲೆ ನೋಡುವ ತನಕ ಇಲ್ಲ ಎಂದೆ.

ಊರಿಗೆ ಮರಳುವ ದಾರಿಯುದ್ದಕ್ಕೂ ನನ್ನ ಎಡಗೈಯದೇ ಯೋಚನೆ. ಹದಿನೈದನೇ ವಯಸ್ಸಿನಲ್ಲಿ ದ್ರಾಕ್ಷಿ ಚಪ್ಪರದಿಂದ ಬಿದ್ದು ಮುರಿದದ್ದು, ಕೂಡಿಕೊಂಡಾಗ ಸ್ವಲ್ಪ ಸೊಟ್ಟಗಾಯಿತು. ಮಾರ್ಕಯನ್‌ಕೋಟ್ಟೈಯಿಂದ ಹೆಣ್ಣು ನೋಡಲು ಬಂದ ದಿನ ಅದರ ತುಂಬಾ ಗಾಜಿನ ಬಳೆ ತೊಡಿಸಿದ್ದರು. ಕಾಫಿ ಲೋಟ ಚಾಚುವಾಗ ಹುಡುಗನ ತಾಯಿ ಕಂಡುಬಿಟ್ಟರು. "ಅಡಿ ಪಟ್ಟ ಕೈ ಅಂತ ಮುಂದಾಗೇ ಹೇಳಿದ್ರೆ ನಾವೇನ್ ಬ್ಯಾಡ ಅಂತಿದ್ವಾ?" ಎಂದು ಎದ್ದು ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಮುಂದಿನ ಸಲ ಬಂದವರಿಗೆ ಕಾಫಿಗಿಂತ ಮೊದಲು ಬರಿಗೈ ತೋರಿಸಿದೆ. ಅವರನ್ನೇ ಮದುವೆಯಾದೆ. ಅದೇ ಕೈಯನ್ನು ಹಾರಾಟದ ಡಾಕ್ಟರು ತಿರುಗಿಸಿ, ಒತ್ತಿ ನೋಡಿ ಪಾಸು ಮಾಡಿದರು.

ಇಂಜಿನಿಯರನ್ನು ಒಪ್ಪಿಸಲು ನಾಲ್ಕು ಸಲ ಮದುರೈಗೆ ಹೋದೆ. ಅಡಿ ಪಟ್ಟದ್ದನ್ನು ಬಿಡು, ಬೇರೆ ಬರುತ್ತದೆ ಎಂದು ಹೇಳದವರಿಲ್ಲ. ನಾನು ಬಿಡಲಿಲ್ಲ. ಕೊನೆಗೆ ಅವರು ಬಂದು ಇಡೀ ದಿನ ಮುಚ್ಚಳಗಳನ್ನು ಬಿಚ್ಚಿ, ಕನ್ನಡಿ ತೂರಿಸಿ ನೋಡಿದರು. ತೊಲೆಯಲ್ಲಿ ಬಿರುಕಿಲ್ಲ. ನಾಲ್ಕು ರಿವೆಟ್ಟು ಸಡಿಲ, ಅವನ್ನು ಬದಲಿಸಲೇಬೇಕು ಎಂದರು. ನನ್ನ ಕಣ್ಣೆದುರಿಗೇ ಹೊಸವನ್ನು ಹಾಕಿಸಿ, ಪುಸ್ತಕದಲ್ಲಿ ಬರೆಸಿದ ಮೇಲೆಯೇ ಸರಿ ಎಂದೆ.

ಮೈಸೂರಿನವರಿಗೆ ನನ್ನ ಕೂಗಾಟ ಮರೆತೇ ಹೋಗಿತ್ತೇನೋ. "ಎಡರೆಕ್ಕೆಗೆ ಪೂರ್ತಿ ಹೊಸ ಬಣ್ಣ ಹೊಡೆಸಿ ಕೊಡುತ್ತೇನಮ್ಮ, ರಿಪೇರಿ ಗುರುತೇ ಕಾಣುವುದಿಲ್ಲ," ಎಂದರು.

ನಾನು ಬೇಡ ಎನ್ನುವ ಮೊದಲೇ ಅಪ್ಪ ಬೇಡ ಎಂದ. ಬಣ್ಣ ಬೇರೆಯಾದ ಆ ಜಾಗದ ಮೇಲೆ ಅಂಗೈ ಇಟ್ಟುಕೊಂಡೇ ನಿಂತಿದ್ದ.

"ಇರ್ಲಿ ಸಾರ್. ನೋಡೋರು ನೋಡ್ಲಿ," ಎಂದ. ಆಮೇಲೆ ನನ್ನ ಕಡೆ ತಿರುಗದೆ ಹೇಳಿದ: "ಅವತ್ತು ಆ ಬಳೆ ಚಿನ್ನಮನೂರಿಂದ ವಾಂಗಿ ಬಂದೋನು ನಾನೇ, ಕಣ್ಣು."

ಇಷ್ಟು ವರ್ಷ ಅದು ಅಮ್ಮನ ಕೆಲಸವೆಂದೇ ನಾನು ತಿಳಿದಿದ್ದೆ. ಎಡಗೈ ಚಾಚಿ ಅವನ ಕೈ ಹಿಡಿದುಕೊಂಡು, ಸೀಟು ಎಷ್ಟು ಎತ್ತರವಿದೆ, ನಿನಗೆ ಹತ್ತಲು ಆಗುತ್ತದಾ ನೋಡು ಬಾ ಎಂದು ಕರೆದೆ.