ಸುತ್ತಿ ಹೇಳುವ ಅಭ್ಯಾಸ

ರಾತ್ರಿ ಒಂಬತ್ತೂವರೆಗೆ ಊಟಕ್ಕೆ ಕೂತಾಗ ಕಿಟಕಿಯಲ್ಲಿ ಇನ್ನೂ ಬೆಳಕಿತ್ತು. ಜುಗೂಳದ ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಉಣ್ಣಬೇಕು. ಗ್ಲಾಸ್ಗೊದ ಜೂನ್ ಸೂರ್ಯ ಹತ್ತಾದರೂ ಮುಳುಗುವುದಿಲ್ಲ. ದಿನಚರಿಯಲ್ಲಿ ಬರೆದುಕೊಂಡೆ: ಇವತ್ತೂ ನೇಮ ತಪ್ಪಲಿಲ್ಲ.

ಮಣ್ಣಿನ ವಿಜ್ಞಾನ ಓದಲು ಬಂದವಳು ನಾನು. ಸೀಟು ಸಿಕ್ಕಿದೆ, ಷರತ್ತಿನ ಮೇಲೆ. ಆಗಸ್ಟಿನೊಳಗೆ ಇಂಗ್ಲಿಷ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕರಲ್ಲೂ ಒಂಬತ್ತಕ್ಕೆ ಆರೂವರೆ ಬರಬೇಕು. ಇಲ್ಲದಿದ್ದರೆ ವಾಪಸ್ ಊರಿಗೆ. ಮಾತೊಂದೇ ಐದೂವರೆಯಲ್ಲಿ ನಿಂತಿತ್ತು.

ಇಲ್ಲಿನವರು ಎಲ್ಲಕ್ಕೂ ‘ವೀ’ ಹಚ್ಚುತ್ತಾರೆ. ಸಣ್ಣದು ಎಂದರ್ಥ. ಮನೆಯೊಡತಿ ‘ವೀ ಮಳೆ’ ಎಂದದ್ದನ್ನು ನಂಬಿ ಹೊರಗೆ ಹೋಗಿ ಪೂರ್ತಿ ತೊಯ್ದು ಬಂದೆ. ಅದು ನಗುವ ಮಾತು. ಪರೀಕ್ಷೆಯದು ಹಾಗಲ್ಲ. ಶಬ್ದ ಮರೆತರೆ ನಾನು ಸುಮ್ಮನಾಗಿಬಿಡುತ್ತಿದ್ದೆ. ಮಹಾರಾಷ್ಟ್ರದ ಗಡಿಯ ನಮ್ಮೂರಲ್ಲಿ ಕನ್ನಡದ ಶಬ್ದ ಹೊಳೆಯದಿದ್ದರೆ ಮರಾಠಿಯದು ಬಂದು ಕೂಡುತ್ತದೆ, ಯಾರೂ ತಿರುಗಿ ನೋಡುವುದಿಲ್ಲ. ಇಲ್ಲಿ ಆ ಎರವಲು ನಡೆಯದು. ಪ್ರತಿ ಶುಕ್ರವಾರದ ಅಭ್ಯಾಸ ಪರೀಕ್ಷೆಯಲ್ಲಿ ಎಷ್ಟು ಸಲ ಸುಮ್ಮನಾದೆ ಎಂದು ಗೆರೆ ಹಾಕಿಕೊಳ್ಳುತ್ತಿದ್ದೆ: ಏಳು, ಎಂಟು, ಮತ್ತೆ ಏಳು.

“ಶಬ್ದ ಸಿಗದಿದ್ದರೆ ಸುತ್ತಿ ಹೇಳು, ನಿಲ್ಲಬೇಡ” ಎನ್ನುತ್ತಿದ್ದರು ಇಂಗ್ಲಿಷ್ ಕ್ಲಾಸಿನ ಟೀಚರ್. ಸುತ್ತುವುದು ಹೇಗೆ?

ಜುಲೈನ ಒಂದು ಭಾನುವಾರ ಅವ್ವ ಫೋನಿನಲ್ಲಿ ಬ್ಯಾಂಕಿಗೆ ಹೋಗಿ ಬಂದದ್ದನ್ನು ಹೇಳಿದಳು.

“ಹೊಸಾ ಹುಡುಗ ಬಂದಾನ. ಗಂಡನ ಹೆಸರೇನ್ರಿ ಅಂದ. ನಾ ಹೆಂಗ ಹೇಳಲಿ?”

ಅವ್ವ ಇವತ್ತಿನವರೆಗೂ ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿಲ್ಲ.

“ಮತ್ತೇನ ಮಾಡಿದಿ?”

“ಮೊದಲನೇ ತೀರ್ಥಂಕರರ ಹೆಸರ್ರಿ ಅಂದ್ನಿ. ಅವಂಗ ತಿಳೀಲಿಲ್ಲ. ಎದುರಿನ ಗೊಬ್ಬರದ ಅಂಗಡಿ ಬೋರ್ಡ್ ಓದ್ರಿ ಅಂದ್ನಿ. ಎದ್ದು ಬಾಗಲಕ ಹೋಗಿ ಓದಿದಾ. ಆದಿನಾಥ ಏನ್ರಿ ಅಂದ. ನಾ ಬರೇ ಗೋಣ ಹಾಕಿದ್ನಿ.”

“ಹೇಳಿಬಿಟ್ಟಿದ್ರ ಮುಗೀತಿತ್ತಲ್ಲಬೇ.”

“ಯಾಕ ಹೇಳ್ಲಿ? ಅವನ ಬಾಯಿಲೇ ಹೇಳಿಸಿದ್ನೋ ಇಲ್ಲೋ?”

ಫೋನಿಟ್ಟ ಮೇಲೂ ನಗುತ್ತಿದ್ದೆ. ಆಮೇಲೆ ಕೋಣೆಯಲ್ಲಿದ್ದ ಸಾಮಾನುಗಳನ್ನೆಲ್ಲ ಹೆಸರು ಹೇಳದೆ ಇಂಗ್ಲಿಷಿನಲ್ಲಿ ವರ್ಣಿಸತೊಡಗಿದೆ. ಬಕೆಟ್ಟಿಗೇ ಹತ್ತು ನಿಮಿಷ ಹಿಡಿಯಿತು. ಮುಂದಿನ ಶುಕ್ರವಾರ ಗೆರೆಗಳು ನಾಲ್ಕಕ್ಕೆ ಇಳಿದವು.

ಪರೀಕ್ಷೆಯ ದಿನ ಮನೆಯ ಹಳೆಯ ಸಾಧನವೊಂದರ ಬಗ್ಗೆ ಮಾತಾಡಲು ಹೇಳಿದರು. ನನಗೆ ಹೊಳೆದದ್ದು ಕುಂಟೆ. ಅದರ ಇಂಗ್ಲಿಷ್ ಹೆಸರು ಗೊತ್ತಿರಲಿಲ್ಲ. ಎತ್ತುಗಳು ಎಳೆಯುತ್ತವೆ ಎಂದೆ. ಕೆಳಗಿನ ಕಬ್ಬಿಣದ ಪಟ್ಟಿ ಮಣ್ಣಿನೊಳಗೆ ಹಾಯ್ದು ಕಳೆ ಕತ್ತರಿಸುತ್ತದೆ, ಬಿತ್ತುವ ಮುಂಚೆ ಹೊಲ ಹಸನಾಗುತ್ತದೆ, ಭಾರಕ್ಕೆಂದು ಅಪ್ಪ ನನ್ನನ್ನೇ ಅದರ ಮೇಲೆ ಕೂರಿಸುತ್ತಿದ್ದರು ಎಂದೆ. ಸಮಯ ಮುಗಿಯಿತು, ನನ್ನ ಮಾತು ಮುಗಿದಿರಲಿಲ್ಲ.

ಆರೂವರೆ ಬಂತು.

“ಪಾಸಾದ್ನಿ ಅವ್ವ.”

“ಛಲೋ ಆತು ಮಗಳ” ಎಂದಳು. “ನಿನ್ನ ಕಾಟ್ ಮ್ಯಾಲ ಶೇಂಗಾ ಚೀಲ ಇಟ್ಟೀವಿ. ನೀ ವಾಪಸ್ ಬಂದಿಗಿಂದಿ ಅಂತ ತಗಸ್ಬೇಕ ಮಾಡಿದ್ನಿ. ಈಗ ಅಲ್ಲೇ ಇರಲೇನ?”

“ಅರ್ಧಾ ಕಾಟಿನ ಮ್ಯಾಲ ಇರಲಿ. ಸೂಟ್ಯಾಗ ಬರ್ತೀನಿ, ಇನ್ನರ್ಧಾ ನನಗ ಬಿಡು.”

“ಅರ್ಧಾದಾಗ ಹೆಂಗ ಮಲಗ್ತಿ?”

“ಮಗ್ಗಲಾಗಿ ಮಲಗ್ತೀನಿ ಬಿಡು.”